ಕಣ್ಣು ಕುಕ್ಕುವ ಬೆಳಕಿಗೆ ದಂಡವೊಂದೇ ಮದ್ದೆ?

ಎದುರಿನಿಂದ ಬರುವ ವಾಹನದ ಬೆಳಕು ಕಣ್ಣಿಗೆ ಬಡಿದಾಗ ಶಾಪ ಹಾಕದ ಚಾಲಕ ಯಾರಿದ್ದಾರೆ? ನಾನೂ ವರ್ಷಗಟ್ಟಲೆ ಹಾಕಿದವನೇ. ಆದರೆ ಕಳೆದ ಮಳೆಗಾಲದ ಒಂದು ರಾತ್ರಿ ಅರಸೀಕೆರೆಯಿಂದ ಹುಳಿಯಾರಿನತ್ತ ಹೋಗುತ್ತಿದ್ದಾಗ ಆ ಶಾಪ ನನ್ನ ತಲೆಗೇ ತಟ್ಟಿತು. ಎದುರಿಗೆ ಬಂದ ಬೈಕಿನವನೊಬ್ಬ ಕಣ್ಣಿಗೆ ಕೈ ಅಡ್ಡ ಹಿಡಿದು, ರಸ್ತೆಯ ಅಂಚು ಕಾಣದೆ ಮಣ್ಣಿಗಿಳಿದು, ಚರಂಡಿಯ ಪಕ್ಕದಲ್ಲೇ ಕಾಲೂರಿ ನಿಂತ. ಹಿಂದೆ ಹೆಂಡತಿ, ಆಕೆಯ ತೋಳಿನಲ್ಲಿ ಮಗು. ‘ಡಿಮ್ ಮಾಡ್ರೀ ಸ್ವಾಮಿ’ ಎಂದು ಕೂಗಿದ. ನನ್ನ ದೀಪ ಡಿಮ್ಮಿನಲ್ಲೇ ಇತ್ತು. ಒರಟನೆಂದುಕೊಂಡು ಮುಂದೆ ಸಾಗಿದೆ. ಮನೆ ತಲುಪಿ, ಎದುರುಮನೆಯ ಗೋಡೆಯ ಮೇಲೆ ಬೆಳಕು ಬಿದ್ದಾಗಲೇ ನಿಜ ತಿಳಿದದ್ದು. ಎಡದೀಪದ ಬೆಳಕಿಗಿಂತ ಬಲದೀಪದ್ದು ಒಂದು ಗೇಣು ಮೇಲೆ ಕುಳಿತಿತ್ತು.

2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಹೆಡ್‌ಲೈಟ್‌ಗಳ ವಿರುದ್ಧ ಕಾರ್ಯಾಚರಣೆ ಆರಂಭಿಸಿದರು. ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಅಡಿ ಪ್ರಕರಣ ದಾಖಲಿಸುವ ಈ ಕ್ರಮವನ್ನು ಸ್ವಾಗತಿಸದವರು ವಿರಳ. ಹ್ಯಾಲೊಜೆನ್ ಬಲ್ಬಿಗೆಂದು ರೂಪಿಸಿದ ದೀಪದೊಳಗೆ ಅಂಗಡಿಯಿಂದ ತಂದ ಎಲ್‌ಇಡಿ ತುರುಕುವವರಿಗೂ, ಊರೊಳಗೂ ಹೈಬೀಮ್ ಇಳಿಸದವರಿಗೂ ದಂಡದ ಬಿಸಿ ತಟ್ಟಲೇಬೇಕು. ಆದರೆ ನನ್ನ ಕಾರಿನಲ್ಲಿ ಎಲ್‌ಇಡಿ ಇರಲಿಲ್ಲ, ಹೈಬೀಮೂ ಹಾಕಿರಲಿಲ್ಲ. ಆದರೂ ಒಂದು ಕುಟುಂಬವನ್ನು ಚರಂಡಿಯ ಅಂಚಿಗೆ ತಳ್ಳಿದ್ದೆ. ಇಂತಹ ಅಪರಾಧಿಯನ್ನು ಹಿಡಿಯುವ ಬಗೆ ಹೇಗೆ, ಹಿಡಿದ ಮೇಲೆ ಸರಿಪಡಿಸುವ ಬಗೆ ಹೇಗೆ ಎಂಬ ಪ್ರಶ್ನೆ ಈ ಚರ್ಚೆಯಲ್ಲಿ ಎಲ್ಲಿಯೂ ಕೇಳಿಬರುತ್ತಿಲ್ಲ.

ಹೆಡ್‌ಲೈಟಿನ ಒಳಗಿರುವ ಪ್ರತಿಫಲಕ ಸಾಮಾನ್ಯವಾಗಿ ಮೂರು ಬಿಂದುಗಳ ಮೇಲೆ ನಿಂತಿರುತ್ತದೆ. ಒಂದು ಸ್ಥಿರವಾದ ಕೀಲು. ಉಳಿದೆರಡು ಅಡ್ಜಸ್ಟರ್‌ಗಳು, ಒಂದರ ತಿರುಪು ಬೆಳಕನ್ನು ಮೇಲೆ-ಕೆಳಗೆ, ಇನ್ನೊಂದರದ್ದು ಅಕ್ಕಪಕ್ಕಕ್ಕೆ ಸರಿಸುತ್ತದೆ. ತಿರುಪಿನ ತುದಿಯ ಗುಂಡು ಪ್ಲಾಸ್ಟಿಕ್ಕಿನ ಪುಟ್ಟ ಬಟ್ಟಲೊಂದರಲ್ಲಿ ಕುಳಿತಿರುತ್ತದೆ. ಎಂಜಿನ್ನಿನ ಬಿಸಿ, ಬಲ್ಬಿನ ಬಿಸಿ, ನಮ್ಮ ರಸ್ತೆಗುಂಡಿಗಳ ಕುಲುಕಾಟ, ಇವಿಷ್ಟನ್ನೂ ಕೆಲವು ವರ್ಷ ತಿಂದ ಮೇಲೆ ಆ ಬಟ್ಟಲು ಹಪ್ಪಳದಂತಾಗಿ ಬಿರುಕು ಬಿಡುತ್ತದೆ. ಆಗ ತಿರುಪನ್ನು ಎಷ್ಟು ತಿರುಗಿಸಿದರೂ ಬೆಳಕು ಅಲುಗುವುದಿಲ್ಲ. ಅಥವಾ ಪ್ರತಿ ಗುಂಡಿಗೂ ತನ್ನಷ್ಟಕ್ಕೆ ಕುಣಿಯುತ್ತದೆ.

ಇಷ್ಟು ಚಿಕ್ಕ ವಸ್ತುವಿನಿಂದ ಅಷ್ಟು ದೊಡ್ಡ ಅನಾಹುತವೇ ಎಂದು ಅನುಮಾನಿಸುವವರು ಲೆಕ್ಕ ಹಾಕಿ ನೋಡಲಿ. ನೆಲದಿಂದ 65 ಸೆಂಟಿಮೀಟರ್ ಎತ್ತರದ ದೀಪದ ಡಿಮ್ ಬೆಳಕು ಪ್ರತಿ 10 ಮೀಟರಿಗೆ 10 ಸೆಂಟಿಮೀಟರಿನಂತೆ ಇಳಿದರೆ ಅದರ ಮೇಲಂಚು 65 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಅದೇ ಪ್ರಮಾಣದಲ್ಲಿ ಮೇಲೇರಿದರೆ 50 ಮೀಟರ್ ದೂರದಲ್ಲಿ 115 ಸೆಂಟಿಮೀಟರ್ ಎತ್ತರಕ್ಕೆ, ಅಂದರೆ ಎದುರಿನ ಕಾರಿನವನ ಕಣ್ಣಿಗೆ ಬರುತ್ತದೆ. 80 ಮೀಟರ್ ದೂರದಲ್ಲಿ ಬೈಕಿನವನ ಕಣ್ಣಿಗೆ. ಇವೆರಡರ ನಡುವಿನ ಅಂತರ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಕೀಲಿಗೂ ಅಡ್ಜಸ್ಟರಿಗೂ 15 ಸೆಂಟಿಮೀಟರ್ ಅಂತರವಿರುವ ದೀಪದಲ್ಲಿ ಇದಕ್ಕೆ ಬೇಕಾದ ಸರಿದಾಟ ಕೇವಲ 3 ಮಿಲಿಮೀಟರ್.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ, ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕದಂತೆ ಬೆಳಕು ಕೆಳಕ್ಕೆ ಬಾಗಿರಬೇಕು. ದೀಪದ ನಿರ್ಮಾಣ, ಜೋಡಣೆ, ನಿರ್ವಹಣೆ ಮೂರೂ ಹಾಗಿರಬೇಕೆಂದು ನಿಯಮ ಹೇಳುತ್ತದೆ. ಮೊದಲೆರಡು ತಯಾರಕನ ಹೊಣೆ. ಮೂರನೆಯದು ನನ್ನ ಹೊಣೆ. ಅದನ್ನು ಹೊರಲು ಹೊರಟಾಗ ನಡೆದದ್ದನ್ನು ಇಲ್ಲಿ ಹೇಳಬೇಕು.

ನಾನು ಹೋದ ಸರ್ವಿಸ್ ಸೆಂಟರಿನಲ್ಲಿ ಆ ಬಟ್ಟಲಿಗೆ ಬಿಡಿಭಾಗದ ಸಂಖ್ಯೆಯೇ ಇರಲಿಲ್ಲ. ‘ಪೂರ್ತಿ ಹೆಡ್‌ಲೈಟೇ ಬದಲಿಸಬೇಕು ಸಾರ್’ ಎಂದರು. 9 ಸಾವಿರ ರೂಪಾಯಿಯ ಅಂದಾಜುಪಟ್ಟಿ ಕೈಗಿಟ್ಟರು. ಗಾಜು ಸ್ವಚ್ಛ, ಪ್ರತಿಫಲಕ ಫಳಫಳ, ಕೆಟ್ಟಿದ್ದು ಅಡಿಕೆಯಷ್ಟು ಗಾತ್ರದ ಪ್ಲಾಸ್ಟಿಕ್ಕು. ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ, ಅಪಘಾತದಲ್ಲಿ ಗಾಜು ಒಡೆದ ಇನ್ನೊಂದು ದೀಪದಿಂದ ಬಿಚ್ಚಿದ ಬಟ್ಟಲು 60 ರೂಪಾಯಿಗೆ ಸಿಕ್ಕಿತು.

ಜೋಡಿಸುವುದು ಒಂದು ಭಾನುವಾರದ ಕೆಲಸ. ಬ್ಯಾಟರಿಯ ಒಂದು ತಂತಿ ಕಳಚಿ, ದೀಪವನ್ನು ಹೊರತೆಗೆದು, ಹಿಂಬದಿಯ ರಬ್ಬರ್ ಮುಚ್ಚಳ ಬಿಚ್ಚಿ, ಬಲ್ಬಿನ ಗಾಜಿಗೆ ಬೆರಳು ತಾಗದಂತೆ ಅದನ್ನು ಎತ್ತಿಟ್ಟು, ಆ ಕಿಂಡಿಯೊಳಗಿಂದ ಒಡೆದ ಬಟ್ಟಲಿನ ಚೂರುಗಳನ್ನು ತೆಗೆದೆ. ಹೊಸದನ್ನು ಪ್ರತಿಫಲಕದ ಗಾಡಿಗೆ ಜಾರಿಸಿ, ತಿರುಪಿನ ಗುಂಡನ್ನು ಒತ್ತಿದಾಗ ‘ಟಕ್’ ಎಂದು ಕೂತಿತು. ಎಂ-ಸೀಲ್ ಹಚ್ಚಿ ಅಂಟಿಸಿಬಿಡಿ ಎಂದು ನೆರೆಯವರು ಸಲಹೆ ಕೊಟ್ಟಿದ್ದರು. ಹಾಗೆ ಅಂಟಿಸಿದ ದೀಪ ಮತ್ತೆಂದೂ ತಿರುಪಿನ ಮಾತು ಕೇಳುವುದಿಲ್ಲ. ತಪ್ಪಾದ ಎತ್ತರದಲ್ಲಿ ಗಟ್ಟಿಯಾದರೆ ಮುಗಿಯಿತು.

ಇದಕ್ಕಿಂತ ಕಷ್ಟವಾದದ್ದು 10 ಮೀಟರ್ ಸಮತಟ್ಟು ನೆಲ ಹುಡುಕುವುದು. ಬೆಂಗಳೂರಿನ 30-40 ನಿವೇಶನದಲ್ಲಿ ಅದೆಲ್ಲಿಂದ ಬರಬೇಕು? ಸರ್ಕಾರಿ ಶಾಲೆಯೊಂದರ ಕಾಂಪೌಂಡಿನ ಎದುರು ಅದು ಸಿಕ್ಕಿತು. ಟೈರುಗಳಲ್ಲಿ ಸರಿಯಾದ ಗಾಳಿ, ಚಾಲಕನ ಸೀಟಿನಲ್ಲಿ ಒಬ್ಬರು, ಡ್ಯಾಶ್‌ಬೋರ್ಡಿನ ದೀಪದ ಗುಂಡಿ ಸೊನ್ನೆಯಲ್ಲಿ. (ಸೊನ್ನೆಯಿಂದ ಮೂರರವರೆಗೆ ತಿರುಗುವ ಈ ಗುಂಡಿ ಇರುವುದು ಡಿಕ್ಕಿ ತುಂಬಿ ಕಾರಿನ ಮೂತಿ ಮೇಲೆದ್ದಾಗ ಬೆಳಕನ್ನು ಇಳಿಸಲು. ಅದು ಏಕಿದೆಯೆಂದು ನನಗೂ ಎಂಟು ವರ್ಷ ಗೊತ್ತಿರಲಿಲ್ಲ.) ಕಾರನ್ನು ಗೋಡೆಗೆ ತಾಗುವಷ್ಟು ಹತ್ತಿರ ತಂದು ದೀಪಗಳ ನಡುಬಿಂದುವನ್ನು ಸೀಮೆಸುಣ್ಣದಿಂದ ಗುರುತಿಸಿ, 10 ಮೀಟರ್ ಹಿಂದಕ್ಕೆ ಸರಿದು, ಬೆಳಕಿನ ಮೇಲಂಚನ್ನು ಗುರುತಿಗಿಂತ 10 ಸೆಂಟಿಮೀಟರ್ ಕೆಳಗಿಳಿಸಿದೆ. ಎಡಕ್ಕೆ ಹಾದಿಯ ಅಂಚನ್ನು ತೋರಿಸಲು ಆ ಗೆರೆ ಸ್ವಲ್ಪ ಮೇಲೇರುತ್ತದೆ, ಅದು ದೋಷವಲ್ಲ.

ಸಾವಿರಾರು ರೂಪಾಯಿಯ ದೀಪವನ್ನು 60 ರೂಪಾಯಿಗೆ ಉಳಿಸಿದೆನೆಂಬ ಜಂಬಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅಷ್ಟು ಹಣವೂ ಇಲ್ಲದ, ಜೆ.ಸಿ. ರಸ್ತೆಯೂ ಹತ್ತಿರವಿಲ್ಲದ ಮಾಲೀಕ ಏನು ಮಾಡುತ್ತಾನೆ? ಹಾಗೆಯೇ ಓಡಿಸುತ್ತಾನೆ. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಪ್ರಕರಣ ಮೇಲ್ಮನವಿಗಳ ಹಾದಿ ಹಿಡಿಯಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕಿ’ಗಾಗಿ ಸಮಿತಿ ರಚಿಸಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದು, ಅದೇ ಡಿಸೆಂಬರ್‌ನಲ್ಲಿ ಜಾಲತಾಣವನ್ನೂ ತೆರೆಯಿತು. ಇವೆಲ್ಲ ಸರಿಯಾದ ದಿಕ್ಕಿನ ಹೆಜ್ಜೆಗಳೇ. ಆದರೆ ಜಾಲತಾಣದಲ್ಲಿ ಮಾಹಿತಿ ಇದ್ದ ಮಾತ್ರಕ್ಕೆ ಅಂಗಡಿಯಲ್ಲಿ ಬಟ್ಟಲು ಸಿಗುವುದಿಲ್ಲ.

ಸುರಕ್ಷತೆಗೆ ಸಂಬಂಧಿಸಿದ ಭಾಗಗಳನ್ನು ಸಿಕ್ಕಸಿಕ್ಕವರು ಬಿಚ್ಚಬಾರದೆಂಬ ತಯಾರಕರ ವಾದದಲ್ಲಿ ತಿರುಳಿಲ್ಲವೆನ್ನಲಾರೆ. ಮೋಟಾರು, ಸಂವೇದಕಗಳಿಂದ ತಾನೇ ತಿರುಗುವ ಇಂದಿನ ದುಬಾರಿ ದೀಪಗಳಿಗೆ ಸೀಮೆಸುಣ್ಣದ ವಿದ್ಯೆ ಸಾಲದು. ಆದರೆ ನಮ್ಮ ರಸ್ತೆಗಳಲ್ಲಿ ಹ್ಯಾಲೊಜೆನ್ ಬಲ್ಬಿನ, ಕೈಯಿಂದ ತಿರುಗಿಸುವ ತಿರುಪಿನ ಹಳೆಯ ಕಾರುಗಳೂ ಇನ್ನೂ ಬಹುಕಾಲ ಓಡಲಿವೆ. ಖಾಸಗಿ ಕಾರಿಗೆ ನೋಂದಣಿಯಾದ ಮೇಲೆ ಮತ್ತೆ ಅರ್ಹತಾ ತಪಾಸಣೆ ಕಡ್ಡಾಯವಾಗುವುದು 15 ವರ್ಷಕ್ಕೆ. ಅದರ ಹೊಗೆಯನ್ನು ವರ್ಷಕ್ಕೊಮ್ಮೆಯಾದರೂ ನೋಡುವ ನಾವು, ದೀಪದತ್ತ ಒಂದೂವರೆ ದಶಕ ಕಣ್ಣು ಹಾಯಿಸುವುದಿಲ್ಲ.

ಇದಕ್ಕೆ ದೊಡ್ಡ ಯಂತ್ರವೇ ಬೇಕೆಂದೇನಿಲ್ಲ. ಹೊಗೆ ತಪಾಸಣೆಯ ಕೇಂದ್ರಗಳು ಬಹುಪಾಲು ಪೆಟ್ರೋಲ್ ಬಂಕುಗಳ ಆವರಣದಲ್ಲೇ ಇವೆ. ಜಾಗವಿರುವ ಬಂಕುಗಳ ಒಂದು ಗೋಡೆಗೆ ಅಳತೆಯ ಗೆರೆಗಳು, 10 ಮೀಟರ್ ಹಿಂದೆ ನೆಲದ ಮೇಲೆ ಒಂದು ಅಡ್ಡಪಟ್ಟಿ. ಹೊಗೆಯ ಪ್ರಮಾಣಪತ್ರ ಕೊಡುವವನು ಅಲ್ಲಿ ಎರಡು ನಿಮಿಷ ದೀಪ ಹಚ್ಚಿಸಿ ನೋಡಲಿ. ತಿರುಪಿನಲ್ಲೇ ಸರಿಹೋಗುವುದನ್ನು ಅಲ್ಲೇ ಸರಿಪಡಿಸಲಿ. ಆಗದಿದ್ದರೆ ಚೀಟಿ ಬರೆದುಕೊಟ್ಟು ಹದಿನೈದು ದಿನ ಕಾಲಾವಕಾಶ ನೀಡಲಿ. ರಸ್ತೆಯಲ್ಲಿ ತಡೆದು ನಿಲ್ಲಿಸುವ ಪೊಲೀಸರೂ, ಎಲ್‌ಇಡಿ ತುರುಕಿದವನಿಗೂ ಅಡ್ಜಸ್ಟರ್ ಮುರಿದವನಿಗೂ ಒಂದೇ ರಸೀದಿ ಹರಿಯುವ ಬದಲು, ಎರಡನೆಯವನಿಗೆ ಈ ಚೀಟಿಯನ್ನೇ ಕೊಡಬಹುದು. ಆ ಹದಿನೈದು ದಿನಗಳಲ್ಲಿ ಅವನಿಗೆ ಬಟ್ಟಲು ಸಿಗುವಂತೆ ಮಾಡುವ ಹೊಣೆ ಮಾತ್ರ ದೀಪವನ್ನು ತಯಾರಿಸಿದವರದ್ದು.