ಹಕ್ಕಿನ ಅನ್ನ, ಪ್ರಸಾದದ ಅನ್ನ

ಸದ್ಭಕ್ತರಾದವರ ಮನಸ್ಸಿನಲ್ಲಿ ಎಂದಾದರೊಮ್ಮೆ ಏಳುವ ಪ್ರಶ್ನೆಯೊಂದಿದೆ. ದಿನವೂ ಲಿಂಗಪೂಜೆ ಮಾಡುತ್ತೇವೆ, ವಿಭೂತಿ ಧರಿಸುತ್ತೇವೆ, ಸೋಮವಾರ ಒಪ್ಪೊತ್ತು ಇರುತ್ತೇವೆ, ಜಾತ್ರೆ ತೇರುಗಳಿಗೆ ತಪ್ಪದೆ ಹೋಗುತ್ತೇವೆ. ಆದರೂ ಆ ಪರಶಿವನಿಗೆ ನಮ್ಮ ಮೇಲೆ ಒಲುಮೆ ಇದೆಯೇ? ಇದ್ದರೆ ಅದು ನಮಗೇಕೆ ಕಾಣುವುದಿಲ್ಲ? ಮಳೆ ಕೈಕೊಟ್ಟಾಗ, ಮಕ್ಕಳು ದೂರವಾದಾಗ, ಮೈಯಲ್ಲಿ ಕಸುವು ಕುಂದಿದಾಗ ಈ ಪ್ರಶ್ನೆ ಇನ್ನಷ್ಟು ಬಲವಾಗಿ ಕಾಡುತ್ತದೆ. ವಯಸ್ಸಾದ ಹಿರಿಯರು ಜಗಲಿಯ ಮೇಲೆ ಒಬ್ಬರೇ ಕುಳಿತು ಇದನ್ನು ತಮ್ಮಷ್ಟಕ್ಕೆ ತಾವು ಕೇಳಿಕೊಳ್ಳುತ್ತಾರೆ.

ಒಲುಮೆ ಬಂದಿದೆ, ಬಂದದ್ದನ್ನು ನಾವು ಗುರುತಿಸಿಲ್ಲ ಎಂಬುದೇ ಇದಕ್ಕೆ ನಾವು ಹೇಳಬಯಸುವ ಉತ್ತರ. ದೇವರ ಪ್ರೀತಿ ಅಶರೀರವಾಣಿಯಾಗಿ ಆಕಾಶದಿಂದ ಇಳಿದು ಬರಬೇಕೆಂದು ನಾವು ಕಾಯುತ್ತೇವೆ. ಅದಾದರೋ ಯಾರದೋ ಕೈಯ ದುಡಿಮೆಯಾಗಿ, ಯಾರದೋ ಬಾಯ ಒಳ್ಳೆಯ ಮಾತಾಗಿ, ಹೊತ್ತಿಗೆ ಸರಿಯಾಗಿ ತಟ್ಟೆಗೆ ಬಿದ್ದ ಬಿಸಿ ಮುದ್ದೆಯಾಗಿ ಪ್ರತಿದಿನವೂ ಮನೆಗೆ ಬರುತ್ತಲೇ ಇರುತ್ತದೆ. ಅದನ್ನು ನಾವು ನಮಗೆ ಸಲ್ಲಬೇಕಾದದ್ದು ಎಂದು ಎಣಿಸಿ ತಲೆಯೆತ್ತದೆ ಉಣ್ಣುತ್ತೇವೆ. ಹಕ್ಕೆಂದು ಉಂಡಾಗ ಅದು ಬರಿಯ ಅನ್ನ. ಕೊಟ್ಟ ಕೈಯನ್ನು ನೆನೆದು ಉಂಡಾಗ ಅದೇ ಅನ್ನ ಪ್ರಸಾದ. ಅಷ್ಟಾವರಣಗಳಲ್ಲಿ ಗುರು ಲಿಂಗ ಜಂಗಮರ ಸಾಲಿನಲ್ಲಿಯೇ ಪ್ರಸಾದಕ್ಕೂ ಸ್ಥಾನವಿರುವುದರ ಮರ್ಮವನ್ನು ನಾವು ಇಲ್ಲಿ ಹುಡುಕಬೇಕು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮವರ ಬಾಯಲ್ಲಿದೆ. ಹತ್ತಿರವಿದ್ದದ್ದರ ಬೆಲೆ ತಿಳಿಯದಿರುವುದು ಮನುಷ್ಯಸ್ವಭಾವ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಮುದ್ರ ದಾಟಿ ಬಂದವರು ಆ ಗೋಡೆಗಳ ಮುಂದೆ ಗಂಟೆಗಟ್ಟಲೆ ನಿಂತು ನೋಡುತ್ತಾರೆ. ಅದೇ ಊರಿನ ಸಂತೆಗೆ ವಾರವಾರ ಹೋಗಿಬರುವ ನಮ್ಮಲ್ಲಿ ಎಷ್ಟು ಮಂದಿ ಒಳಗೆ ಕಾಲಿಟ್ಟು ನೋಡಿದ್ದೇವೆ? ಕಲ್ಲಿನ ಗುಡಿಯ ವಿಷಯದಲ್ಲಿ ಹೀಗಿರುವವರು ಮನೆಯವರ ವಿಷಯದಲ್ಲಿಯೂ ಹೀಗೆಯೇ ಇರುತ್ತೇವೆ. ನಲವತ್ತು ವರ್ಷ ಜೊತೆಗೆ ಬಾಳಿದ ಮಡದಿಯ ಮುಖವನ್ನು ಒಂದು ದಿನವಾದರೂ ನೆಟ್ಟಗೆ ನೋಡಿದ್ದೇವೆಯೇ ಎಂದು ಕೇಳಿಕೊಳ್ಳಬೇಕಾಗಿದೆ.

ಹಳೇಬೀಡಿನ ಆ ದೊಡ್ಡ ಶಿವಾಲಯವನ್ನು ಒಮ್ಮೆ ಈ ಕಣ್ಣಿನಿಂದ ನೋಡೋಣ. ಸುಮಾರು 1121ರಲ್ಲಿ ವಿಷ್ಣುವರ್ಧನನ ಅಧಿಕಾರಿಯಾಗಿದ್ದ ಕೇತಮಲ್ಲನು ಅದರ ಕೆಲಸವನ್ನು ಕೈಗೊಂಡನು. ಅಲ್ಲಿ ಗರ್ಭಗುಡಿಗಳು ಎರಡು. ಒಂದರಲ್ಲಿ ಹೊಯ್ಸಳೇಶ್ವರ, ಇನ್ನೊಂದರಲ್ಲಿ ರಾಣಿಯ ಹೆಸರಿನ ಶಾಂತಲೇಶ್ವರ. ಎರಡಕ್ಕೂ ಬೇರೆ ಬೇರೆ ಬಾಗಿಲು, ಎದುರಿಗೆ ಬೇರೆ ಬೇರೆ ನಂದಿ. ಆದರೆ ನಡುವಿನ ಅಂಕಣ ಎರಡನ್ನೂ ಬೆಸೆದಿದೆ. ಒಬ್ಬರೊಳಗೊಬ್ಬರು ಕರಗಿ ಹೋಗಬೇಕಾಗಿಲ್ಲ, ಒಬ್ಬರನ್ನೊಬ್ಬರು ಮುಚ್ಚಬೇಕಾಗಿಯೂ ಇಲ್ಲ. ಸತಿಪತಿಗಳ ಬಾಳು ಹೀಗಿರಬೇಕೆಂದು ಆ ಗುಡಿ ನಮಗೆ ಹೇಳುವಂತಿದೆ.

ಆ ರಾಣಿಯ ಮನೆತನದ ಕಥೆ ಇನ್ನೂ ಅರಿಯತಕ್ಕದ್ದು. ಶ್ರವಣಬೆಳಗೊಳದ ಶಾಸನಗಳ ಪ್ರಕಾರ ಶಾಂತಲೆಯ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಮಗಳು ತಾಯಿಯ ಧರ್ಮವನ್ನು ಹಿಡಿದು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಗಂಡನಾದ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದವನು. ಒಂದೇ ಮನೆತನದಲ್ಲಿ ಶಿವ, ಜಿನ, ಕೇಶವ ಮೂವರಿಗೂ ಪೂಜೆ ಸಲ್ಲುತ್ತಿತ್ತು. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ದೇಹ ಬಿಟ್ಟಳು. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆಯೂ ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತದಿಂದ ಪ್ರಾಣ ಬಿಟ್ಟಳೆಂದು ಶಾಸನ ಹೇಳುತ್ತದೆ. ಅರಮನೆಯ ವೈಭವವನ್ನೆಲ್ಲ ಬದಿಗಿಟ್ಟು ನೋಡಿದರೆ ಇಲ್ಲಿ ಉಳಿಯುವುದು ಒಬ್ಬ ತಾಯಿಯ ಕರುಳು. ದೇವರು ಯಾರೇ ಇರಲಿ, ಆ ಕರುಳನ್ನು ಕೊಟ್ಟವನು ಒಬ್ಬನೇ.

ಇದೇ ಹಳೇಬೀಡು ದೋರಸಮುದ್ರವೆಂದು ಹೆಸರಾಗಿದ್ದ ಕಾಲದಲ್ಲಿ, ಸುಮಾರು 1200ರ ಆಸುಪಾಸಿನಲ್ಲಿ, ಹೊಯ್ಸಳರ ಆಸ್ಥಾನದಲ್ಲಿ ಲೆಕ್ಕ ಬರೆಯುವ ಕರಣಿಕನೊಬ್ಬನಿದ್ದನೆಂದು ಪರಂಪರೆ ಹೇಳುತ್ತದೆ. ಆತನೇ ಮುಂದೆ ಹಂಪೆಗೆ ಹೋಗಿ ವಿರೂಪಾಕ್ಷನ ಸನ್ನಿಧಿಯಲ್ಲಿ ನೆಲೆಸಿದ ಹರಿಹರ ಮಹಾಕವಿ. ಅರಸರ ಲೆಕ್ಕ ಬರೆದ ಆ ಕೈ ಅರಸರನ್ನು ಹೊಗಳಿ ಕಾವ್ಯ ಬರೆಯಲಿಲ್ಲ. ಮಡಕೆ ಮಾಡುವ ಗುಂಡಯ್ಯ, ಬೇಟೆಯಾಡುವ ಕಣ್ಣಪ್ಪ, ಹುಲ್ಲು ಹೊರುವ ಚೆನ್ನಯ್ಯ, ಹಾಲು ಹಿಡಿದು ನಿಂತ ಪುಟ್ಟ ಹುಡುಗಿ ಇಂಥವರ ಮೇಲೆ ರಗಳೆಗಳನ್ನು ಕಟ್ಟಿತು. ನಮ್ಮ ನೆಲದಲ್ಲಿ ಓಡಾಡಿದ ಕವಿ ದೇವರ ಒಲುಮೆಯನ್ನು ಕುಂಬಾರನ ತಿಗರಿಯ ಬಳಿ, ಬಡವನ ಅಂಬಲಿಯ ಬಟ್ಟಲಲ್ಲಿ ಕಂಡನೆಂಬುದು ನಮಗೆ ಹೆಮ್ಮೆಯ ಮಾತು.

ಮಾದಾರ ಚೆನ್ನಯ್ಯನ ಕಥೆ ಹಿರಿಯರಿಗೆಲ್ಲ ಗೊತ್ತು. ಚೋಳರಾಜನ ಲಾಯಕ್ಕೆ ಹುಲ್ಲು ತರುವ ಕಾಯಕ ಆತನದು. ಯಾರಿಗೂ ಕಾಣದಂತೆ ಶಿವನಿಗೆ ಅಂಬಲಿಯನ್ನು ಅರ್ಪಿಸುತ್ತಿದ್ದ. ಅರಸನ ಭಕ್ಷ್ಯಭೋಜ್ಯಗಳು ಹಾಗೆಯೇ ಉಳಿದವು, ಶಿವನಿಗೆ ರುಚಿಸಿದ್ದು ಚೆನ್ನಯ್ಯನ ಅಂಬಲಿ. ಕೋಳೂರ ಕೊಡಗೂಸಿನ ಕಥೆಯೂ ಅಂಥದೇ. ಊರಿಗೆ ಹೋಗುವ ತಂದೆ ದಿನವೂ ದೇವರಿಗೆ ಹಾಲು ಕೊಟ್ಟು ಬಾ ಎಂದು ಮಗಳಿಗೆ ಹೇಳಿ ಹೋದ. ದೇವರು ಹಾಲು ಕುಡಿಯುತ್ತಾನೆಂದೇ ಆ ಮಗು ನಂಬಿತು. ಕುಡಿಯದಿದ್ದಾಗ ಅತ್ತು ಗೋಗರೆಯಿತು, ದೇವರು ಕುಡಿದ. ತಂದೆ ಬಂದು ಕೇಳಿದಾಗ ನಡೆದದ್ದನ್ನು ಹೇಳಿತು. ತಂದೆ ನಂಬಲಿಲ್ಲ, ಸುಳ್ಳು ಹೇಳುತ್ತೀಯೆಂದು ಹೊಡೆಯಲು ಹೋದ. ಹುಡುಗಿ ಲಿಂಗದೊಳಗೆ ಐಕ್ಯಳಾದಳು.

ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ಮಗುವಿನ ಮುಗ್ಧ ಭಕ್ತಿಯನ್ನು ಕೊಂಡಾಡಿ ಸುಮ್ಮನಾಗುತ್ತೇವೆ. ಆ ತಂದೆಯನ್ನೂ ನೋಡಬೇಕು. ಆತ ನಾಸ್ತಿಕನಲ್ಲ, ಪೂಜೆ ತಪ್ಪಿಸದ ಭಕ್ತ. ಊರಿಗೆ ಹೋಗುವಾಗಲೂ ದೇವರ ಹಾಲನ್ನು ಮರೆಯದವನು. ಆದರೆ ಆತನ ಮನೆಯ ನಡುಮನೆಯಲ್ಲಿಯೇ ದೇವರ ಒಲುಮೆ ಲಂಗ ತೊಟ್ಟು ಓಡಾಡುತ್ತಿತ್ತು, ಅದನ್ನು ಮಾತ್ರ ಆತ ಗುರುತಿಸಲಿಲ್ಲ. ಗುರುತಿಸುವ ಹೊತ್ತಿಗೆ ಹುಡುಗಿ ಕೈತಪ್ಪಿ ಹೋಗಿದ್ದಳು. ನಮ್ಮಲ್ಲಿ ಹೆಚ್ಚಿನವರ ಸ್ಥಿತಿ ಆ ತಂದೆಯದೇ. ಪೂಜೆಯ ಲೆಕ್ಕ ಸರಿಯಾಗಿದೆ, ಮನೆಯವರ ಲೆಕ್ಕ ತಪ್ಪಿದೆ.

ಇಷ್ಟಲಿಂಗವನ್ನು ಶರಣರು ಎದೆಯ ಮೇಲೆ ಧರಿಸಿದ್ದು, ಅಂಗೈಯಲ್ಲಿ ಹಿಡಿದು ಪೂಜಿಸಿದ್ದು ಏಕೆ? ದೇವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ಆತ ಕೈಗೆಟುಕುವಷ್ಟು ಹತ್ತಿರವಿದ್ದಾನೆ ಎಂಬ ಅರಿವಿಗಾಗಿ. ಪೂಜೆ ಮುಗಿದ ಮೇಲೆ ಲಿಂಗ ಮತ್ತೆ ಎದೆಗೆ ಸೇರುತ್ತದೆ, ಅಂಗೈ ತೆರವಾಗುತ್ತದೆ. ಆ ತೆರವಾದ ಕೈ ಮುಂದೆ ಏನು ಮಾಡುತ್ತದೆ ಎಂಬುದರಲ್ಲಿ ಪೂಜೆಯ ಫಲ ಕಾಣಬೇಕು. ಲಿಂಗ ಹಿಡಿದ ಕೈಯೇ ಸೊಸೆಯತ್ತ ತಟ್ಟೆಯನ್ನು ಬೀಸಿ ಎಸೆದರೆ ಆ ಪೂಜೆ ಯಾರಿಗೆ ಸಂದಿತು?

ಬೆಳಗಿನಿಂದ ರಾತ್ರಿಯವರೆಗೆ ನಮಗೆ ಬಂದು ಸೇರುವುದನ್ನು ಒಂದು ದಿನ ಎಣಿಸಿ ನೋಡೋಣ. ಕೋಳಿ ಕೂಗುವ ಮುನ್ನ ಎದ್ದು ಕೊಟ್ಟಿಗೆ ಬಳಿದು, ಹಾಲು ಕರೆದು ಡೇರಿಗೆ ಹಾಕಿ ಬಂದು ಮುದ್ದೆ ತಿರುವುವವಳು ಮನೆಯ ಸೊಸೆ. ಆಕೆ ಹುಟ್ಟಿದ್ದು ಬೇರೆ ಊರಿನಲ್ಲಿ, ಬೇರೆ ತಾಯಿಯ ಮಡಿಲಲ್ಲಿ. ನಮ್ಮ ಮುಪ್ಪಿಗೆ ಅನ್ನ ಹಾಕಬೇಕೆಂದು ಆಕೆಗೆ ಯಾವ ಸಾಲವೂ ಇರಲಿಲ್ಲ. ರಾಗಿ ಕೊಯ್ಲಿಗೆ ಮುಯ್ಯಾಳಾಗಿ ಬಂದು ನಮ್ಮ ಹೊಲದಲ್ಲಿ ಬೆನ್ನು ಬಗ್ಗಿಸಿದವನು ನೆರೆಯವನು. ರಾತ್ರಿ ಎದೆನೋವೆಂದಾಗ ಗಾಡಿ ತಂದು ಆಸ್ಪತ್ರೆಗೆ ಕರೆದೊಯ್ದವನು ಯಾವ ಜಾತಿಯವನೆಂದು ಆ ಹೊತ್ತಿನಲ್ಲಿ ನಾವು ಕೇಳಲಿಲ್ಲ. ಅರಸೀಕೆರೆಯ ಹೆಸರೇ ಅರಸಿಯ ಕೆರೆ ಎಂಬುದರಿಂದ ಬಂದದ್ದೆನ್ನುತ್ತಾರೆ. ಹೊಯ್ಸಳರ ಕಾಲದ ಯಾವುದೋ ತಾಯಿ ಕಟ್ಟಿಸಿದ ಕೆರೆಯ ಹೆಸರಿನಲ್ಲಿ ಇಂದು ಒಂದು ತಾಲ್ಲೂಕೇ ಬದುಕುತ್ತಿದೆ. ಇವೆಲ್ಲ ಒಲುಮೆಯ ಮುಖಗಳಲ್ಲವೇ?

ಹಿರಿಯರ ಇನ್ನೊಂದು ಕೊರಗನ್ನೂ ಇಲ್ಲಿ ನೆನೆಯಬೇಕು. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದ ಮಕ್ಕಳು ಹಬ್ಬಕ್ಕೆ ಮಾತ್ರ ಬರುತ್ತಾರೆ, ಮೊಮ್ಮಕ್ಕಳಿಗೆ ಅಜ್ಜಿಯ ಮಾತೇ ತಿಳಿಯುವುದಿಲ್ಲ ಎಂಬ ನೋವು ಮನೆಮನೆಯಲ್ಲಿದೆ. ಆ ನೋವು ನಿಜ, ಅದನ್ನು ನಾವು ಹಗುರ ಮಾಡುವುದಿಲ್ಲ. ಮಕ್ಕಳು ತಮ್ಮ ಕರ್ತವ್ಯವನ್ನು ಅರಿಯಲೇಬೇಕು. ಆದರೆ ತೆಂಗಿನ ಸೀಮೆಯವರಾದ ನಾವು ಒಂದು ಸಂಗತಿಯನ್ನು ಬಲ್ಲೆವು. ಉಂಡೆ ಕೊಬ್ಬರಿಯಾಗಬೇಕಾದರೆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕತ್ತಲಲ್ಲಿ ಇರಬೇಕು. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಮಾತ್ರ ಒಳಗಿನ ಸದ್ದು ಕೇಳುತ್ತದೆ. ರಾತ್ರಿ ಒಂಬತ್ತಕ್ಕೆ ಫೋನು ಮಾಡಿ 'ಅಪ್ಪಾ, ಮಾತ್ರೆ ತಗೊಂಡ್ಯಾ?' ಎಂದು ಕೇಳುವ ಮಗನ ಮಾತಿನಲ್ಲಿ ಆ ಸದ್ದಿದೆ. 'ಈಗ ನೆನಪಾಯ್ತೇನೋ' ಎಂದು ಸಿಡುಕುವ ಮುನ್ನ ಒಂದು ಕ್ಷಣ ಕಿವಿಗೊಟ್ಟು ಕೇಳಬಾರದೇ?

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಎಲ್ಲದರಲ್ಲಿಯೂ ದೇವರ ಪ್ರೀತಿಯನ್ನು ಕಾಣಿರೆಂದರೆ ಅನ್ಯಾಯವನ್ನೂ ಪ್ರೀತಿಯೆಂದು ಸಹಿಸಿರೆಂದು ಅರ್ಥವಲ್ಲ. ಕುಡಿದು ಬಂದು ಹೆಂಡತಿಯನ್ನು ಹೊಡೆಯುವವನ ಕೈಯಲ್ಲಿ ದೇವರಿಲ್ಲ, ಆಕೆಯನ್ನು ಬಿಡಿಸಿಕೊಳ್ಳಲು ಓಡಿ ಬಂದ ನೆರೆಯವಳ ಕೈಯಲ್ಲಿದ್ದಾನೆ. ಕೂಲಿಯವನ ಕೂಲಿ ಆತನ ಹಕ್ಕು. ಅದನ್ನು ಇಟ್ಟುಕೊಂಡು ಪ್ರಸಾದದ ಮಾತಾಡುವುದು ವಂಚನೆ. ಪಡೆದದ್ದನ್ನು ಪ್ರಸಾದವೆನ್ನಬೇಕು, ಕೊಡಬೇಕಾದದ್ದನ್ನು ಋಣವೆನ್ನಬೇಕು. ಈ ಎರಡನ್ನೂ ಅದಲುಬದಲು ಮಾಡಿಕೊಂಡವರ ಮನೆಯಲ್ಲಿ ನೆಮ್ಮದಿ ನಿಲ್ಲದು.

ಇಂದು ನಮ್ಮ ಹಳ್ಳಿಗಳಲ್ಲಿ ಸಂಬಂಧಗಳು ಮುರಿಯುವುದು ಹೆಚ್ಚಾಗಿ ಪಾಲಿನ ವಿಷಯದಲ್ಲಿ. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಜಾರಿಗೆ ಬಂದ ತಿದ್ದುಪಡಿಗಳಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆ ಸಮಪಾಲು ಬಂದಿದೆ. ಇದು ನ್ಯಾಯ. ಆದರೆ ಪಾಲು ಕೇಳಿದಳೆಂಬ ಒಂದೇ ಕಾರಣಕ್ಕೆ ಒಡಹುಟ್ಟಿದವಳನ್ನು ಗೌರಿಹಬ್ಬಕ್ಕೆ ಕರೆಯದೆ, ಬಾಗಿನ ನಿಲ್ಲಿಸಿದ ಅಣ್ಣತಮ್ಮಂದಿರು ಇದ್ದಾರೆ. ಒಂದು ಮೊಳ ಬದುವಿಗಾಗಿ ಹತ್ತು ವರ್ಷ ಮಾತು ಬಿಟ್ಟು, ಒಬ್ಬನ ಶವಕ್ಕೆ ಇನ್ನೊಬ್ಬ ಮಣ್ಣು ಹಾಕದೆ ಹೋದದ್ದೂ ಉಂಟು. ತೆಂಗಿನ ಗಿಡ ನೆಟ್ಟ ಅಜ್ಜ ಎಳನೀರು ಕುಡಿಯಲಿಲ್ಲ, ಮೊಮ್ಮಕ್ಕಳಿಗೆಂದು ನೆಟ್ಟ. ಆತನ ಪ್ರೀತಿ ಭೂಮಿಯಾಗಿ ನಿಂತಿದೆ. ಆ ಭೂಮಿಯನ್ನು ಹಂಚಿಕೊಳ್ಳುವಾಗ ಆ ಪ್ರೀತಿಯನ್ನೇ ಕೊಂದರೆ ಉಳಿಯುವುದು ಬರಿಯ ಪಹಣಿ.

ಪ್ರೀತಿ ಎಷ್ಟು ಸರಳವಾದ ಕೆಲಸವಾಗಿ ಬರಬಲ್ಲದೆಂಬುದಕ್ಕೆ ನಮ್ಮ ಕಾಲದಲ್ಲಿಯೇ ನಿದರ್ಶನವಿದೆ. ಅರಸೀಕೆರೆಯಿಂದ ಅದೇ ರೈಲುದಾರಿಯಲ್ಲಿ ಸಿಗುವ ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ನಡೆಸಿದರು. ಸಾವಿರಾರು ಮಕ್ಕಳು ಜಾತಿಮತಗಳ ಭೇದವಿಲ್ಲದೆ ಅಲ್ಲಿ ಉಂಡು ಕಲಿತರು. ಹಳ್ಳಿಹಳ್ಳಿಯ ರೈತರು ಕೊಟ್ಟ ದವಸವೂ ಆ ಅನ್ನದಲ್ಲಿತ್ತು. 2019ರ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ತಮ್ಮ ಸುದ್ದಿಯನ್ನು ತಿಳಿಸಬೇಕೆಂಬುದು ಅವರ ಇಚ್ಛೆಯಾಗಿತ್ತು, ಅದರಂತೆಯೇ ಮಾಡಿದರು. ಮಕ್ಕಳು ಹಸಿದಿರಬಾರದು ಎಂಬ ಆ ಒಂದು ಕಾಳಜಿ ಯಾವ ತಾಯಿಗಾದರೂ ಅರ್ಥವಾಗುವಂಥದು. ದೇವರ ಪ್ರೀತಿ ಹೇಗಿರುತ್ತದೆಂದು ಕೇಳುವವರಿಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಏಕೆ?

ಆದುದರಿಂದ ನಮ್ಮ ಹಿರಿಯರಲ್ಲಿ, ಶರಣಬಂಧುಗಳಲ್ಲಿ ನಾವು ಬೇಡುವುದು ದೊಡ್ಡ ವ್ರತವನ್ನೇನೂ ಅಲ್ಲ. ಇಂದು ರಾತ್ರಿ ಉಣ್ಣುವಾಗ ಬಡಿಸಿದವರನ್ನು ಹೆಸರಿಟ್ಟು ಕರೆದು 'ನೀನು ಉಂಡೆಯಾ?' ಎಂದು ಕೇಳಿರಿ. ಮಾತು ಬಿಟ್ಟ ಅಣ್ಣನೋ ತಮ್ಮನೋ ಇದ್ದರೆ ಮೊದಲ ಮಾತನ್ನು ನೀವೇ ಆಡಿರಿ, ದೊಡ್ಡವರು ಬಾಗಿದರೆ ಸಣ್ಣವರಾಗುವುದಿಲ್ಲ. ಬರುವ ಗೌರಿಹಬ್ಬಕ್ಕೆ ಒಡಹುಟ್ಟಿದವಳ ಬಾಗಿನ ತಪ್ಪದಿರಲಿ. ಹೀಗೆ ಮಾಡಿದವರಿಗೆ ದೇವರ ಒಲುಮೆ ಇದೆಯೇ ಎಂಬ ಪ್ರಶ್ನೆ ಬಹುಕಾಲ ಉಳಿಯದು. ಏಕೆಂದರೆ ಅಷ್ಟರಲ್ಲಿ ಅವರ ಕೈಯಿಂದಲೇ ಅದು ಇನ್ನೊಬ್ಬರ ತಟ್ಟೆಗೆ ಬಿದ್ದಿರುತ್ತದೆ.

ಸರ್ವರಿಗೂ ಸನ್ಮಂಗಳವಾಗಲಿ.