ಎತ್ತರ ಅಳೆಯುವ ನಿಯಮ, ಸೆಲ್ಲಾರ್‌ನಲ್ಲಿ ಕೂತ ಅಪಾಯ

2025ರ ಮೇ 18, ಭಾನುವಾರ. ಬೆಳಗಿನ ಜಾವ ಸೊಲ್ಲಾಪುರದ ಟವೆಲ್ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು 8 ಮಂದಿ ಪ್ರಾಣ ಬಿಟ್ಟರು. ಅದೇ ಬೆಳಿಗ್ಗೆ ಹೈದರಾಬಾದಿನ ಗುಲ್ಜಾರ್ ಹೌಸ್ ಬಳಿ, ಕೆಳಗೆ ಅಂಗಡಿ ಮೇಲೆ ಮನೆ ಇದ್ದ ಹಳೆಯ ಕಟ್ಟಡದಲ್ಲಿ 17 ಮಂದಿ. ಈ ಎರಡು ನಗರಗಳನ್ನು ಜೋಡಿಸುವುದು ರಾಷ್ಟ್ರೀಯ ಹೆದ್ದಾರಿ 65. ಬಸವಕಲ್ಯಾಣದವರು ಬಸ್ಸಿಳಿಯುವ ಸಸ್ತಾಪುರ ಬಂಗ್ಲಾ, ಅಲ್ಲಿಂದ ಮುಂದಿನ ಹುಮನಾಬಾದ್ ಇರುವುದು ಇದೇ ರಸ್ತೆಯ ನಡುವೆ. ಮದುವೆ ಜವಳಿಗೆ, ಬಂಗಾರಕ್ಕೆ, ಸಗಟು ಮಾಲಿಗೆ ಇಲ್ಲಿಯ ಜನ ಹೋಗುವುದೂ ಆ ಎರಡು ಊರುಗಳಿಗೇ.

ಸುಟ್ಟ ಎರಡೂ ಕಟ್ಟಡಗಳು ಮುಗಿಲೆತ್ತರದವಲ್ಲ. ಅವು ನಮ್ಮ ಊರಲ್ಲಿದ್ದಿದ್ದರೆ, ಎತ್ತರದ ಲೆಕ್ಕದಲ್ಲಿ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ತನ್ನಿ ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಪರವಾನಗಿ ವ್ಯವಸ್ಥೆಯ ತೊಂದರೆ ಇರುವುದು ಇಲ್ಲೇ.

ಬೆಂಕಿಯ ಕಾವಿಗೆ ಸೂರಿನಿಂದ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಅಳವಡಿಕೆಗೆಂದೇ ನಗರಸಭೆ, ಪುರಸಭೆಗಳು ಕೊಡುವ ಪ್ರತ್ಯೇಕ ಪರವಾನಗಿ ನಮ್ಮಲ್ಲಿಲ್ಲ. ಕಟ್ಟಡದ ನಕ್ಷೆ ಸ್ಥಳೀಯ ಸಂಸ್ಥೆಗೆ ಹೋಗುತ್ತದೆ. ಎತ್ತರದ ಕಟ್ಟಡವಾದರೆ ಮೊದಲು ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಕಟ್ಟಿ ಮುಗಿದ ಮೇಲೆ ಕ್ಲಿಯರೆನ್ಸ್ ಪ್ರಮಾಣಪತ್ರ. ಪೈಪು, ಪಂಪು, ತೊಟ್ಟಿಯ ಮಾತೆಲ್ಲ ಈ ಎರಡು ಕಾಗದಗಳ ನಡುವೆಯೇ ಬಂದು ಹೋಗುತ್ತದೆ. ಎತ್ತರವೆಂದರೆ ಎಷ್ಟು? 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರಿಗೆ ಗೆರೆ ಎಳೆದರೆ, ಕರ್ನಾಟಕ ಅದನ್ನು 21 ಮೀಟರಿಗೆ ಏರಿಸಿಕೊಂಡಿತು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತ ಮೇಲೆ ಸರ್ಕಾರದ ಗಮನ ಗಗನಚುಂಬಿಗಳ ಮೇಲೆ ನೆಟ್ಟಿದ್ದು ಸಹಜ. ಆದರೆ ಬಸವಕಲ್ಯಾಣದಲ್ಲಿ ನೆಲ ಅಂತಸ್ತಿನ ಮೇಲೆ ನಾಲ್ಕು ಮಹಡಿ ಎಬ್ಬಿಸಿದ ಲಾಡ್ಜ್ ಕೂಡ 21 ಮೀಟರ್ ಮುಟ್ಟುವುದಿಲ್ಲ.

ಸಂಹಿತೆ ತಗ್ಗು ಕಟ್ಟಡಗಳನ್ನು ಮರೆತಿಲ್ಲ ಎನ್ನುವುದನ್ನೂ ಹೇಳಬೇಕು. ನೆಲಮಾಳಿಗೆಯ ವಿಸ್ತೀರ್ಣ 200 ಚದರ ಮೀಟರ್ ದಾಟಿದರೆ ಅಲ್ಲಿ ಸ್ಪ್ರಿಂಕ್ಲರ್ ಬೇಕೇ ಬೇಕು ಎನ್ನುತ್ತದೆ ಅದು. ನಕ್ಷೆಯಲ್ಲಿ ಆ ಜಾಗ ವಾಹನ ನಿಲುಗಡೆ. ಬೀಗದ ಕೈ ಬಾಡಿಗೆದಾರನ ಕೈಗೆ ಹೋದ ಮೇಲೆ ಅದೇ ಸೆಲ್ಲಾರ್ ಬಟ್ಟೆಯ ಬೇಲು, ಫೋಮ್ ಹಾಸಿಗೆ, ಪ್ಲಾಸ್ಟಿಕ್ ಕುರ್ಚಿಗಳ ಗೋದಾಮು. ನಕ್ಷೆ ಮಂಜೂರಾದ ಮೇಲೆ ಅದನ್ನು ಇಳಿದು ನೋಡುವವರು ಯಾರು?

ಹುಮನಾಬಾದಿನ ಕೈಗಾರಿಕಾ ಪ್ರದೇಶದ ಕಥೆ ಬೇರೆ. ಅಲ್ಲಿ ನಕ್ಷೆ ನೋಡುವುದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ), ಒಳಗಿನ ಸುರಕ್ಷತೆ ಕಾರ್ಖಾನೆಗಳ ಇಲಾಖೆಯ ಪಾಲು. ಈ ಲೇಖನದ ಚಿಂತೆ ಪೇಟೆಯದು.

ಸ್ಪ್ರಿಂಕ್ಲರ್ ಎಂದರೆ ಅಂಗಡಿಯವರಿಗೆ ಬೆಂಕಿಗಿಂತ ನೀರಿನದೇ ಭಯ. ಒಂದು ಕಿಡಿ ಹಾರಿದರೆ ಇಡೀ ಮಾಲು ತೊಯ್ದು ಹೋಗುತ್ತದೆ ಎಂಬ ನಂಬಿಕೆ ಸಿನಿಮಾದಿಂದ ಬಂದದ್ದು. ನಿಜದಲ್ಲಿ ಪ್ರತಿ ಬಾಯಿಯಲ್ಲೂ ಒಂದು ಪುಟ್ಟ ಗಾಜಿನ ಕೊಳವೆ, ಅದರೊಳಗೆ ಬಣ್ಣದ ದ್ರವ. ಕೆಂಪು ದ್ರವದ್ದಾದರೆ ಸುತ್ತಲಿನ ಕಾವು ಏರಿ 68 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಹಿಗ್ಗಿ ಗಾಜು ಒಡೆಯುತ್ತದೆ. ಕಾವು ತಾಗಿದ ಬಾಯಿ ಮಾತ್ರ ತೆರೆಯುತ್ತದೆ, ಉಳಿದವು ಮುಚ್ಚಿಯೇ ಇರುತ್ತವೆ. ಮೇ ತಿಂಗಳಲ್ಲಿ ಕಾದು ಕೆಂಡವಾಗುವ ನಮ್ಮ ತಗಡಿನ ಶೆಡ್ಡುಗಳಿಗೆ 79 ಡಿಗ್ರಿಯ ಹಳದಿ, 93 ಡಿಗ್ರಿಯ ಹಸಿರು ಕೊಳವೆಗಳೂ ಸಿಗುತ್ತವೆ. ಇಷ್ಟು ಸರಳವಾದ ಯಂತ್ರವನ್ನು ಕೆಡಿಸುವುದೂ ಅಷ್ಟೇ ಸರಳ. ಸುಣ್ಣಬಣ್ಣ ಹೊಡೆಯುವವರು ಅದರ ಮೇಲೂ ಒಂದು ಕೈ ಬ್ರಶ್ ಆಡಿಸಿದರೆ ಸಾಕು, ಒಡೆಯಬೇಕಾದ ಹೊತ್ತಿಗೆ ಅದು ಒಡೆಯುವುದಿಲ್ಲ. ಫಂಕ್ಷನ್ ಹಾಲ್‌ನಲ್ಲಿ ಮದುವೆ ಅಲಂಕಾರದ ಬಟ್ಟೆಯನ್ನು ಸೂರಿನುದ್ದಕ್ಕೂ ಇಳಿಬಿಟ್ಟರೆ ಬೆಂಕಿ ಆ ಬಟ್ಟೆಯಲ್ಲೇ ಓಡುತ್ತದೆ, ಮೇಲಿನ ಸ್ಪ್ರಿಂಕ್ಲರ್‌ಗೆ ಸುದ್ದಿ ತಲುಪುವುದು ತಡವಾಗಿ.

ನೀರಿನ ಆಕ್ಷೇಪಣೆ ಮಾತ್ರ ತೂಕದ್ದು. ಬೇಸಿಗೆಯಲ್ಲಿ ನಲ್ಲಿ ನೀರಿಗೆ ಕಾದು ಕೂರುವ ಊರಲ್ಲಿ ಬೆಂಕಿಗೆಂದು ನೀರು ಕೂಡಿಡಿ ಎಂದರೆ ಯಾರಾದರೂ ಸಿಡುಕಿಯಾರು. ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಸ್ಪ್ರಿಂಕ್ಲರ್ ಒಂದು ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ಚಿಮ್ಮಿಸುತ್ತದೆ. ನಾಲ್ಕು ಬಾಯಿ ತೆರೆದು ಅರ್ಧ ಗಂಟೆ ಓಡಿದರೂ 9,600 ಲೀಟರ್. ಠಾಣೆಯಿಂದ ಗಂಟೆ ಬಾರಿಸುತ್ತಾ ಬರುವ ಒಂದು ವಾಹನ ಹೊತ್ತು ತರುವುದು ಸುಮಾರು 4,500 ಲೀಟರ್; ಅದು ಹಳೆಪೇಟೆಯ ಓಣಿಯಲ್ಲಿ ಹೊಕ್ಕರೆ ತಾನೆ. ಇದು ವಿನ್ಯಾಸದ ಲೆಕ್ಕವಲ್ಲ, ದೊಡ್ಡ ಗೋದಾಮಿಗೆ ಇದರ ಹಲವು ಪಟ್ಟು ನೀರು ಬೇಕು. ಆದರೂ ಮಧ್ಯಮ ಅಂಗಡಿಯೊಂದರ ತೊಟ್ಟಿ ಅಸಾಧ್ಯದ ಮಾತಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಹಾಗಾದರೆ ಎಲ್ಲ ಅಂಗಡಿಗೂ ಕಡ್ಡಾಯ ಮಾಡಬೇಕೆ? ಖಂಡಿತ ಬೇಡ. ಹತ್ತು ಅಡಿ ಅಗಲದ ಕಿರಾಣಿ ಅಂಗಡಿಗೆ ಇದರ ಗೊಡವೆ ಬೇಡ. ಮೇಲೆ ಮನೆಯಿರುವ ಅಂಗಡಿಗೆ ಸ್ಪ್ರಿಂಕ್ಲರ್‌ಗಿಂತ ಮೊದಲು ಎರಡನೇ ಮೆಟ್ಟಿಲು ಬೇಕು. ಗುಲ್ಜಾರ್ ಹೌಸ್‌ನಲ್ಲಿ ಇದ್ದದ್ದು ಒಂದೇ ಇಕ್ಕಟ್ಟಾದ ದಾರಿ. ಕಡ್ಡಾಯವಾಗಬೇಕಾದದ್ದು ಮಾಲು ತುಂಬುವ ಸೆಲ್ಲಾರ್‌ಗೆ, ಲಾಡ್ಜಿಗೆ, ಫಂಕ್ಷನ್ ಹಾಲ್‌ಗೆ, ಬಹು ಅಂತಸ್ತಿನ ಜವಳಿ ಮಳಿಗೆಗೆ. ಮೀಟರು ಬಿಟ್ಟು ಒಳಗಿರುವ ಮಾಲು, ಜನ, ಹೊರದಾರಿ ಈ ಮೂರನ್ನು ಎಣಿಸುವ ನಿಯಮ ಬೇಕು.

ಇದಕ್ಕೆ ಹೊಸ ಇಲಾಖೆಯೇನೂ ಬೇಡ. ಉದ್ದಿಮೆ ಪರವಾನಗಿಯನ್ನು ಸ್ಥಳೀಯ ಸಂಸ್ಥೆ ಕಾಲಕಾಲಕ್ಕೆ ನವೀಕರಿಸುತ್ತದೆ; ಸೆಲ್ಲಾರ್‌ನಲ್ಲಿ ಏನಿದೆ ಎಂದು ಕೇಳಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪತ್ರವಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದ ಮೇಲೆ ಆ ಪತ್ರಕ್ಕೂ ಬೆಲೆ ಬಂದಿದೆ. ಆ ಪತ್ರ ಕೊಡುವ ಮುನ್ನ ಪೈಪಿಗೆ ನೀರು ತುಂಬಿಸಿ ಒತ್ತಡದ ಪರೀಕ್ಷೆ ಮಾಡಿಸಬಹುದು. ಅಮೆರಿಕದ ನಗರಗಳು ಸ್ಪ್ರಿಂಕ್ಲರ್‌ಗೆ ಪ್ರತ್ಯೇಕ ಪರವಾನಗಿ ಕೊಡುವಾಗ ಮಾಡಿಸುವುದೂ ಇದನ್ನೇ: 200 ಪಿಎಸ್‌ಐ ಒತ್ತಡದಲ್ಲಿ ಎರಡು ಗಂಟೆ ಸೋರದೆ ನಿಲ್ಲಬೇಕು. ಇನ್ನೊಂದು ಕಾಗದ ಎಂದರೆ ಇನ್ನೊಂದು ಮೇಜಿನಡಿಯ ಕೈ ಎನ್ನುವವರ ಅಂಜಿಕೆ ಸುಳ್ಳಲ್ಲ. ಹಾಗೆಂದೇ ಪರೀಕ್ಷೆ ಮಾಲೀಕ, ಗುತ್ತಿಗೆದಾರ, ಅಗ್ನಿಶಾಮಕ ಠಾಣೆಯವರು ಎಲ್ಲರೂ ನಿಂತು ಗೇಜ್ ನೋಡುವಂತಿರಬೇಕು.

ಬಸವಕಲ್ಯಾಣಕ್ಕೆ ಈ ಮಾತು ಈಗಲೇ ಏಕೆಂದರೆ, 2021ರ ಜನವರಿ 6ರಂದು ಅಡಿಗಲ್ಲು ಹಾಕಿದ ಹೊಸ ಅನುಭವ ಮಂಟಪ 182 ಅಡಿ ಎತ್ತರಕ್ಕೆ ಯೋಜಿಸಿದ ಕಟ್ಟಡ. ಅದು 21 ಮೀಟರಿನ ಗೆರೆಯನ್ನು ಎಂದೋ ದಾಟಿದ್ದು. ಅದರ ಬೆಂಕಿ ವ್ಯವಸ್ಥೆಯನ್ನು ರಾಜ್ಯವೇ ನೋಡಿಕೊಳ್ಳಬೇಕಾಗುತ್ತದೆ. ಅದನ್ನು ನೋಡಲು ಬರುವ ಜನ ಉಳಿಯುವುದು ಸುತ್ತ ಏಳಲಿರುವ ಮೂರು-ನಾಲ್ಕು ಮಹಡಿಯ ಲಾಡ್ಜುಗಳಲ್ಲಿ, ಊಟ ಮಾಡುವುದು ಸೆಲ್ಲಾರಿನ ಹೋಟೆಲುಗಳಲ್ಲಿ. ಸೂರು ಹಾಕಿದ ಮೇಲೆ ಪೈಪು ಎಳೆಯುವುದಕ್ಕಿಂತ ಕಟ್ಟುವಾಗಲೇ ಎಳೆಯುವುದು ಅಗ್ಗ. ಆ ಲಾಡ್ಜುಗಳ ನಕ್ಷೆ ನಗರಸಭೆಯ ಮೇಜಿಗೆ ಬರುವ ಮೊದಲೇ ಷರತ್ತು ಗೊತ್ತುಪಡಿಸುವ ಅವಕಾಶ ಇನ್ನೂ ಕೈಯಲ್ಲಿದೆ.