ಅನ್ನದ ಪಾತ್ರೆಯಿಂದ ಸಾರಿನ ಪಾತ್ರೆಗೆ

ಕುಟುಂಬದ ವರಮಾನ ಕಡಿಮೆಯಾದಷ್ಟೂ ಅದರಲ್ಲಿ ಊಟಕ್ಕೆ ಹೋಗುವ ಪಾಲು ದೊಡ್ಡದಾಗುತ್ತದೆ ಎಂಬ ನಿಯಮವನ್ನು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿ, ಬೆಲ್ಜಿಯಂನ ಕಾರ್ಮಿಕ ಕುಟುಂಬಗಳ ಖರ್ಚಿನ ಲೆಕ್ಕಗಳನ್ನು ಮುಂದಿಟ್ಟುಕೊಂಡು ಮಂಡಿಸಿದ. ಭಾರತದಲ್ಲಿ 2023–24ರಲ್ಲಿ ನಡೆದ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಹಳ್ಳಿಗಳಲ್ಲಿ ಒಟ್ಟು ವೆಚ್ಚದ ಸುಮಾರು ಶೇ 47ರಷ್ಟು, ನಗರಗಳಲ್ಲಿ ಶೇ 40ಕ್ಕೆ ಸಮೀಪದಷ್ಟು ಆಹಾರಕ್ಕೇ ಹೋಗುತ್ತದೆ. ಬಡ ಕುಟುಂಬಗಳಲ್ಲಿ ಈ ಪಾಲು ಇನ್ನೂ ಹೆಚ್ಚು ಎಂಬುದನ್ನು ಎಂಗೆಲ್‌ನ ನಿಯಮವೇ ಹೇಳುತ್ತದೆ. ಇಷ್ಟು ದೊಡ್ಡ ವೆಚ್ಚವನ್ನು ದಿನದಿನವೂ ಹಿಡಿತದಲ್ಲಿಡುವ ಕೆಲಸವನ್ನು ಗೃಹಿಣಿಯ ಜಾಣ್ಮೆ ಎಂದು ಹೊಗಳಿ ಅಲ್ಲಿಗೇ ಬಿಡುವುದು ವಾಡಿಕೆಯಾಗಿದೆ. ಆದರೆ ಆ ಜಾಣ್ಮೆ ಯಾವ ಪದಾರ್ಥದ ಮೇಲೆ ಕೆಲಸ ಮಾಡುತ್ತದೆ, ಅದಕ್ಕೆ ಎಷ್ಟು ಹೊತ್ತು ಬೇಕು, ಅದರ ಭಾರ ಮನೆಯಲ್ಲಿ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಬಿಡಿಸಿ ನೋಡಿದರೆ, ಕರ್ನಾಟಕದ ಮಟ್ಟಿಗೆ ಪ್ರಶ್ನೆಯ ಸ್ವರೂಪವೇ 2013ರಿಂದ ಈಚೆಗೆ ಬದಲಾಗಿರುವುದು ಕಾಣುತ್ತದೆ.

ಒಂದು ಕಾಲಕ್ಕೆ ಬಡ ಮನೆಯ ಚಿಂತೆ ಧಾನ್ಯದ್ದಾಗಿತ್ತು. ರಾಗಿಯ ಹಗೇವು ಯಾವ ತಿಂಗಳಿಗೆ ಬರಿದಾಗುತ್ತದೆ ಎಂಬುದರ ಮೇಲೆ ವರ್ಷದ ಲೆಕ್ಕ ನಿಂತಿತ್ತು. 2013ರಲ್ಲಿ ರಾಜ್ಯದ ಪಡಿತರ ಅಕ್ಕಿಯ ಯೋಜನೆಯಾದ ಅನ್ನಭಾಗ್ಯ ಆರಂಭವಾದ ಮೇಲೆ, ಅದರಲ್ಲೂ ಕೇಂದ್ರದ ಐದು ಕಿಲೊಗೆ ರಾಜ್ಯದ ಐದು ಕಿಲೊ ಸೇರಿಸುವ ಮಾತು ಬಂದ ಮೇಲೆ ಈ ಚಿಂತೆ ಬಹುಮಟ್ಟಿಗೆ ಕಳೆಯಿತು. 2023ರ ಜುಲೈನಿಂದ ರಾಜ್ಯದ ಪಾಲಿನ ಅಕ್ಕಿಗೆ ಬದಲಾಗಿ ಕಿಲೊಗೆ 34 ರೂಪಾಯಿಯಂತೆ ಹಣ ಕೊಡಲಾಗುತ್ತಿತ್ತು. 2025ರ ಫೆಬ್ರುವರಿಯಿಂದ ಅಕ್ಕಿಯನ್ನೇ ಕೊಡಲು ನಿರ್ಧರಿಸಲಾಯಿತು. ತಲೆಗೆ ಹತ್ತು ಕಿಲೊ ಎಂದರೆ ನಾಲ್ವರ ಮನೆಗೆ ತಿಂಗಳಿಗೆ 40 ಕಿಲೊ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿ, ದಿನಕ್ಕೆ 2,000 ಕಿಲೊ ಕ್ಯಾಲೊರಿ ಬೇಕಾದ ವ್ಯಕ್ತಿಗೆ ಧಾನ್ಯ 250 ಗ್ರಾಂ ಸಾಕೆನ್ನುತ್ತದೆ. ಆ ಅಳತೆಯಲ್ಲಿ ನಾಲ್ವರಿಗೆ ತಿಂಗಳಿಗೆ ಬೇಕಾದದ್ದು 30 ಕಿಲೊ. ಅಂದರೆ ಅನ್ನದ ಪಾತ್ರೆ ತುಂಬಿ, ಹತ್ತು ಕಿಲೊ ಮಿಕ್ಕಿದೆ.

ಆದರೆ ಅನ್ನದ ಮೇಲೆ ಸುರಿಯುವ ಸಾರಿನ ಕತೆ ಬೇರೆ. ಅದೇ ಮಾರ್ಗಸೂಚಿ ದಿನಕ್ಕೆ ತಲಾ 85 ಗ್ರಾಂ ಬೇಳೆಕಾಳು (ಅಥವಾ ಅದಕ್ಕೆ ಸಮನಾಗಿ ಮೊಟ್ಟೆ, ಮಾಂಸ), 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು, 300 ಮಿಲಿ ಲೀಟರ್ ಹಾಲು, 35 ಗ್ರಾಂ ಎಣ್ಣೆಬೀಜ, 27 ಗ್ರಾಂ ಎಣ್ಣೆ ಇರಬೇಕೆನ್ನುತ್ತದೆ. ಬೇಳೆಗೆ ಕಿಲೊಗೆ 120, ತರಕಾರಿಗೆ 40, ಹಣ್ಣಿಗೆ 60, ಹಾಲಿಗೆ ಲೀಟರಿಗೆ 46, ಶೇಂಗಾ ಮತ್ತು ಎಣ್ಣೆಗೆ ಕಿಲೊಗೆ 140 ರೂಪಾಯಿ ಎಂದು ಬಿಗಿಹಿಡಿದೇ ಲೆಕ್ಕ ಹಾಕಿದರೂ ನಾಲ್ವರ ಮನೆಗೆ ತಿಂಗಳಿಗೆ ಸುಮಾರು 6,560 ರೂಪಾಯಿ ಬೇಕಾಗುತ್ತದೆ. ಇದರಲ್ಲಿ ಗ್ಯಾಸ್, ಉಪ್ಪು, ಮೆಣಸಿನಕಾಯಿ, ಹುಣಸೆಹಣ್ಣು, ಕಾಫಿಪುಡಿ ಯಾವುದೂ ಸೇರಿಲ್ಲ. ಈ ಮೊತ್ತವನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ಮೇಲೆ ಹೇಳಿದ 2023–24ರ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ತೀರಾ ಕೆಳಗಿನ ಶೇ 5ರಷ್ಟು ಜನರ ತಲಾ ಮಾಸಿಕ ವೆಚ್ಚ, ಉಚಿತವಾಗಿ ಬಂದ ಪದಾರ್ಥಗಳ ಮೌಲ್ಯ ಬಿಟ್ಟು, 1,677 ರೂಪಾಯಿ. ನಾಲ್ವರಿಗೆ 6,708 ರೂಪಾಯಿಯಾಗುವ ಈ ಹಣದಲ್ಲಿ ಊಟ, ಬಟ್ಟೆ, ಔಷಧ, ಬಸ್ಸು, ಮಕ್ಕಳ ಪುಸ್ತಕ ಎಲ್ಲವೂ ನಡೆಯಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅಳತೆ ಕಡಿಮೆಯಾಗುತ್ತದೆ, ಹಿತ್ತಲಿನ ಸೊಪ್ಪು, ಶಾಲೆಯ ಬಿಸಿಯೂಟ, ಕೊಟ್ಟಿಗೆಯ ಹಸು ಈ ಲೆಕ್ಕವನ್ನು ಒಂದಿಷ್ಟು ಹಗುರಮಾಡುತ್ತವೆ ಎಂಬುದೆಲ್ಲ ನಿಜವಾದರೂ, ಜಾಣ್ಮೆಯೊಂದರಿಂದಲೇ ತುಂಬುವಷ್ಟು ಸಣ್ಣ ಕಂದರ ಇದಲ್ಲ.

ಈ ಕಂದರವನ್ನು ಮನೆಗಳು ದಾಟುವ ಬಗೆ ಎರಡು. ಅವುಗಳನ್ನು ಸಾರಿನ ಪರಿಭಾಷೆಯಲ್ಲೇ ಕಟ್ಟಿನ ಉಳಿತಾಯ ಮತ್ತು ನೀರಿನ ಉಳಿತಾಯ ಎಂದು ಕರೆಯಬಹುದು.

ಕಟ್ಟು ಎಂದರೆ ಬೇಳೆ ಅಥವಾ ಕಾಳು ಬೆಂದ ಮೇಲೆ ಬಸಿದು ತೆಗೆದ ತಿಳಿ. ಹಳೆಯ ಮೈಸೂರು ಸೀಮೆಯ ಬಸ್ಸಾರು ನಿಂತಿರುವುದೇ ಇದರ ಮೇಲೆ: ಹುರುಳಿಯನ್ನೋ ಅಲಸಂದೆಯನ್ನೋ ತೊಗರಿಬೇಳೆಯನ್ನೋ ಬೆರಕೆ ಸೊಪ್ಪಿನ ಜೊತೆ ಒಂದೇ ಪಾತ್ರೆಯಲ್ಲಿ ಬೇಯಿಸಿ, ಬಸಿದ ಕಟ್ಟಿಗೆ ಬೆಂದ ಕಾಳನ್ನೇ ಒಂದು ಹಿಡಿ ಸೇರಿಸಿ ರುಬ್ಬಿದ ಖಾರ ಹಾಕಿ ಕುದಿಸಿದರೆ ಸಾರು, ಉಳಿದ ಗಟ್ಟಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಉರಿ, ಒಂದು ಕಾಳು, ಎರಡು ಪದಾರ್ಥ; ಜೊತೆಗೆ ಸೊಪ್ಪು ಬೆಂದ ನೀರಿನಲ್ಲಿ ಕರಗಿ ಹೋಗುವ ಜೀವಸತ್ವಗಳು ಬಚ್ಚಲಿಗೆ ಹೋಗದೆ ತಟ್ಟೆಗೇ ಬರುತ್ತವೆ. ಉತ್ತರ ಕರ್ನಾಟಕದಲ್ಲಿ ಹೋಳಿಗೆಗೆ ಬೇಯಿಸಿದ ಕಡಲೆಬೇಳೆಯ ನೀರು ಕಟ್ಟಿನ ಸಾರಾಗುವುದೂ, ಮಲೆನಾಡು ಕರಾವಳಿಗಳಲ್ಲಿ ಒಂದು ಹಿಡಿ ಒಂದೆಲಗವನ್ನು ಮಜ್ಜಿಗೆಯಲ್ಲಿ ರುಬ್ಬಿ ತಂಬುಳಿ ಮಾಡುವುದೂ, ಹೀರೇಕಾಯಿಯ ತಿರುಳು ಪಲ್ಯಕ್ಕೆ ಹೋದರೆ ಸಿಪ್ಪೆ ಚಟ್ನಿಯಾಗುವುದೂ, ರಾತ್ರಿಯ ಅನ್ನ ಬೆಳಗಿನ ಚಿತ್ರಾನ್ನವಾಗುವುದೂ ಇದೇ ತರ್ಕದ ಕವಲುಗಳು. ಅಡುಗೆಯ ವಿದ್ಯೆಗೆ ಕನ್ನಡದ ಹಳೆಯ ಗ್ರಂಥಗಳು ಬಳಸಿದ ಹೆಸರು ಸೂಪಶಾಸ್ತ್ರ. ಮೂರನೆಯ ಮಂಗರಸ 16ನೇ ಶತಮಾನದಲ್ಲಿ ಆ ಹೆಸರಿನ ಕೃತಿಯನ್ನೇ ರಚಿಸಿದ್ದಾನೆ. ಸಂಸ್ಕೃತದಲ್ಲಿ ಸೂಪ ಎಂದರೆ ಬೇಳೆಯ ಸಾರು. ಇಡೀ ವಿದ್ಯೆಗೆ ಹೆಸರು ಬಂದದ್ದು ಅನ್ನದಿಂದಲ್ಲ, ಅದರ ಮೇಲೆ ಸುರಿಯುವುದರಿಂದ ಎಂಬುದು ಈ ಚರ್ಚೆಗೆ ಒದಗಿಬರುವ ಸಂಗತಿ.

ನೀರಿನ ಉಳಿತಾಯಕ್ಕೆ ಇಷ್ಟು ವಿವರಣೆ ಬೇಕಿಲ್ಲ. ಬೇಳೆಯ ಬೆಲೆ ಏರಿದಾಗ ಎರಡು ಪಾವು ಇದ್ದದ್ದು ಒಂದು ಪಾವಾಗುತ್ತದೆ, ಪಾತ್ರೆಯ ನೀರು ಅಷ್ಟೇ ಇರುತ್ತದೆ. ಹುಳಿ, ಉಪ್ಪು, ಖಾರ, ಇಂಗಿನ ಒಗ್ಗರಣೆ ಸರಿಯಾಗಿದ್ದರೆ ನಾಲಿಗೆಗೆ ಕೊರತೆ ತಿಳಿಯುವುದಿಲ್ಲ, ಹೊಟ್ಟೆಯನ್ನು ಪಡಿತರದ ಅನ್ನ ತುಂಬುತ್ತದೆ, ಹೀಗಾಗಿ ತಟ್ಟೆಯಲ್ಲಿ ಏನೂ ಕಡಿಮೆಯಾದಂತೆ ಕಾಣುವುದಿಲ್ಲ. ಕಡಿಮೆಯಾದದ್ದು ಪ್ರೊಟೀನು. ಅಕ್ಕಿ, ರಾಗಿ, ಜೋಳದಂಥ ಧಾನ್ಯಗಳ ಪ್ರೊಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ, ಅಂದರೆ ಪ್ರೊಟೀನನ್ನು ಕಟ್ಟುವ ಇಟ್ಟಿಗೆಗಳಲ್ಲಿ ಒಂದು, ಕೊರತೆಯಲ್ಲಿರುತ್ತದೆ. ಬೇಳೆಕಾಳುಗಳಲ್ಲಿ ಅದು ಧಾರಾಳವಾಗಿದ್ದು, ಅಲ್ಲಿ ಕೊರತೆಯಿರುವ ಮಿಥಿಯೋನಿನ್ ಧಾನ್ಯದಲ್ಲಿ ಸಿಗುತ್ತದೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಎಂಬ ಪೋಷಣಾ ತಜ್ಞರ ಅಳತೆಯ ಹಿಂದಿರುವುದು ಈ ಪರಸ್ಪರ ಪೂರಣವೇ. ಮುದ್ದೆಗೆ ಹುರುಳಿಸಾರು, ರೊಟ್ಟಿಗೆ ಕಾಳುಪಲ್ಯ ಎಂಬ ಜೋಡಿಗಳು ಆ ಅಳತೆಯನ್ನು ಓದದೆಯೇ ಪಾಲಿಸಿದ್ದವು. ತಿಳಿಸಾರು ಮತ್ತು ಎರಡನೇ ಸಲದ ಅನ್ನ ಅದನ್ನು ಮುರಿಯುತ್ತವೆ.

ಆದುದರಿಂದ ಮಿತವ್ಯಯದ ಊಟದ ಯೋಜನೆ ಎಂಬುದು ಖರ್ಚಿನ ಮೊತ್ತದಿಂದ ಆರಂಭವಾಗುವ ಬದಲು ಕಾಳಿನ ಅಳತೆಯಿಂದ ಆರಂಭವಾಗಬೇಕು ಎಂಬ ವಾದಕ್ಕೆ ಬಲವಿದೆ. ತಿಂಗಳಿಗೆ ಇಷ್ಟು ಕಿಲೊ ಕಾಳು ಮನೆಗೆ ಬರಲೇಬೇಕೆಂದು ಮೊದಲು ನಿಗದಿಮಾಡಿ, ಅದು ತೊಗರಿಯೇ ಆಗಬೇಕೆಂಬ ಹಟ ಬಿಟ್ಟರೆ ಕೈಗೆ ಸ್ವಲ್ಪ ಅವಕಾಶ ಸಿಗುತ್ತದೆ: ಹುರುಳಿ ಸಾಮಾನ್ಯವಾಗಿ ತೊಗರಿಬೇಳೆಗಿಂತ ಅಗ್ಗವಾಗಿದ್ದು, ಪ್ರೊಟೀನಿನಲ್ಲಿ ಅದಕ್ಕೆ ಸರಿಸಮನಾಗಿ ನಿಲ್ಲುತ್ತದೆ. ತರಕಾರಿಯ ವಿಷಯದಲ್ಲಿ ಈ ಸಡಿಲಿಕೆ ಇನ್ನೂ ಹೆಚ್ಚು ಬೇಕು. ವಾರದ ಪಟ್ಟಿಯಲ್ಲಿ ‘ಸೊಪ್ಪು’, ‘ಕಾಯಿಪಲ್ಯ’, ‘ಹುಳಿ’ ಎಂಬ ಸ್ಥಾನಗಳನ್ನಷ್ಟೇ ಗುರುತಿಸಿ, ಆ ಸ್ಥಾನವನ್ನು ಯಾವುದು ತುಂಬಬೇಕೆಂಬುದನ್ನು ಸಂತೆಯ ಧಾರಣೆಗೆ ಬಿಡಬೇಕು. 2023ರ ಜುಲೈನಲ್ಲಿ ಟೊಮೆಟೊ ಕಿಲೊಗೆ ನೂರು ರೂಪಾಯಿ ದಾಟಿದಾಗ, ದೇಶದ ಅತಿದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದಾದ ಕೋಲಾರ ಇರುವ ರಾಜ್ಯದಲ್ಲೇ ಸಾರು ನಿಂತುಹೋದಂತೆ ಮಾತು ಕೇಳಿಬಂತು. ಹುಣಸೆ, ಮಾವಿನಕಾಯಿ, ಅಮಟೆ, ಪುಂಡಿಸೊಪ್ಪು, ಹುಳಿಮಜ್ಜಿಗೆಗಳು ಹುಳಿಯ ಕೆಲಸವನ್ನು ಟೊಮೆಟೊ ಬರುವ ಮುನ್ನವೂ ಮಾಡುತ್ತಿದ್ದವು ಎಂಬುದನ್ನು ಅಡುಗೆಮನೆಗಳು ನೆನಪಿಸಿಕೊಳ್ಳಬೇಕಾಯಿತು. ರಾಗಿಯ ಕುರಿತೂ ಒಂದು ಹಳೆಯ ಎಣಿಕೆಯನ್ನು ತಿದ್ದಿಕೊಳ್ಳುವುದು ಅಗತ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದು ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ, ನಿಜ. ಆದರೆ ಅದು ಈಗ ಬಡವರ ಅಗ್ಗದ ಧಾನ್ಯವಲ್ಲ. 2025–26ರ ಬೆಂಬಲ ಬೆಲೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369. ಭತ್ತದಲ್ಲಿ ಮೂರನೇ ಒಂದು ಭಾಗ ಹೊಟ್ಟು ತೌಡಿಗೆ ಹೋಗುತ್ತದೆಂದು ಕಳೆದರೂ ರಾಗಿಯೇ ತುಟ್ಟಿ. ಪಡಿತರದಲ್ಲಿ ರಾಗಿ ಅಥವಾ ಜೋಳ ಬಂದ ತಿಂಗಳು ಮಾತ್ರ ಬಡ ಮನೆಯಲ್ಲಿ ಮುದ್ದೆ, ರೊಟ್ಟಿ ಮಿತವ್ಯಯದ ಊಟಗಳಾಗುತ್ತವೆ.

ಯೋಜನೆಯ ಬಗ್ಗೆ ಬರುವ ಸಲಹೆಗಳಲ್ಲಿ ಬಹುಪಾಲು, ತಿಂಗಳ ದಿನಸಿಯನ್ನು ಒಟ್ಟಿಗೆ ತನ್ನಿ, ಸುಗ್ಗಿಯಲ್ಲಿ ತೊಗರಿ, ಬೇಸಗೆಗೆ ಮುನ್ನ ಹುಣಸೆ ಮತ್ತು ಮೆಣಸಿನಕಾಯಿ ಕೊಂಡಿಡಿ ಎನ್ನುತ್ತವೆ. ಸಂಬಳದ ಮನೆಗೆ ಇದು ಒಳ್ಳೆಯ ಮಾತು. ಶನಿವಾರದ ಬಟವಾಡೆಯ ಮೇಲೆ ಬದುಕುವ ಮನೆಗೆ ಹಾಗಲ್ಲ. ಕೈಯಲ್ಲಿ ಇಡಿಗಂಟಿಲ್ಲದವರು ಎಣ್ಣೆಯನ್ನು ಕಾಲು ಲೀಟರ್ ಪೊಟ್ಟಣದಲ್ಲಿ, ಸಾರಿನಪುಡಿಯನ್ನು ಹತ್ತು ರೂಪಾಯಿಯ ಪಾಕೀಟಿನಲ್ಲಿ ಕೊಳ್ಳುತ್ತಾರೆ, ಹಾಗೆ ಕೊಂಡಾಗ ಅದೇ ಪದಾರ್ಥಕ್ಕೆ ತೂಕದ ಲೆಕ್ಕದಲ್ಲಿ ಹೆಚ್ಚು ತೆರುತ್ತಾರೆ. ಉದ್ರಿ ಖಾತೆಯಿದ್ದರಂತೂ ಆಯ್ಕೆಯೇ ಮುಗಿಯಿತು: ಬಾಕಿ ಇರುವ ಅಂಗಡಿಯನ್ನು ಬಿಟ್ಟು, ಸಂತೆಯಲ್ಲಿ ಬೇಳೆ ಐದು ರೂಪಾಯಿ ಅಗ್ಗವೆಂದು ಅಲ್ಲಿಗೆ ಹೋಗುವಂತಿಲ್ಲ. ಬಡತನಕ್ಕೆ ತೆರುವ ಈ ಹೆಚ್ಚುವರಿ ಬೆಲೆಯನ್ನು ಇಳಿಸಬಲ್ಲದ್ದು ಒಬ್ಬೊಬ್ಬರ ಶಿಸ್ತಿಗಿಂತ ಒಟ್ಟು ಖರೀದಿ. ಹಳ್ಳಿಹಳ್ಳಿಯಲ್ಲೂ ಇರುವ ಸ್ತ್ರೀಶಕ್ತಿ ಸಂಘಗಳು ಸಾಲ ಕೊಡುವಷ್ಟೇ ಸಲೀಸಾಗಿ ಕಲಬುರ್ಗಿಯ ತೊಗರಿಯನ್ನು ಸುಗ್ಗಿಯ ಧಾರಣೆಯಲ್ಲಿ ಮೂಟೆಗಟ್ಟಲೆ ತಂದು ಹಂಚಿಕೊಳ್ಳಬಹುದು ಎಂಬುದು ಯೋಚಿಸತಕ್ಕ ಮಾತು.

ಹಣದಷ್ಟೇ ಬಿಗಿಯಾದ ಇನ್ನೊಂದು ಮಿತಿ ಹೊತ್ತಿನದು. ಅಗ್ಗದ ಕಾಳು ಹೊತ್ತನ್ನು ಹೆಚ್ಚು ತಿನ್ನುತ್ತದೆ. ಹುರುಳಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು, ಮೊಳಕೆಗೆ ಬಟ್ಟೆಯಲ್ಲಿ ಕಟ್ಟಬೇಕು. ಬೆರಕೆ ಸೊಪ್ಪನ್ನು ಬಿಡಿಸಿ ತೊಳೆಯಲು ಅರ್ಧ ಗಂಟೆ, ಖಾರ ರುಬ್ಬಲು ಮತ್ತಷ್ಟು. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ, ಪುರುಷರು 88 ನಿಮಿಷ ಕೊಡುತ್ತಾರೆ. ಬೆಂಗಳೂರಿನ ಹೊರವಲಯದ ಗಾರ್ಮೆಂಟ್ ಕಾರ್ಖಾನೆಗೆ ಬೆಳಗ್ಗೆ ಎಂಟಕ್ಕೇ ಹೊರಡುವ ಹೆಣ್ಣುಮಗಳಿಗೆ ಬಸ್ಸಾರಿನ ಉಪದೇಶ ಮಾಡುವವರು ಈ ನಿಮಿಷಗಳನ್ನು ಅಗ್ಗದ ಸಾಮಗ್ರಿಯ ಪಟ್ಟಿಯಲ್ಲಿ ಶೂನ್ಯ ಬೆಲೆಗೆ ಸೇರಿಸಿಕೊಂಡಿರುತ್ತಾರೆ. ಪಾನೀಯ ಮತ್ತು ಸಂಸ್ಕರಿತ ಆಹಾರದ ಪಾಲು 2023–24ರಲ್ಲಿ ಹಳ್ಳಿಗಳಲ್ಲಿ ಒಟ್ಟು ವೆಚ್ಚದ ಶೇ 9.84, ನಗರಗಳಲ್ಲಿ ಶೇ 11.09ಕ್ಕೆ ಮುಟ್ಟಿ, ಬೇಳೆಕಾಳಿನ ಪಾಲನ್ನು ಎಷ್ಟೋ ಹಿಂದೆ ಹಾಕಿರುವುದನ್ನು ಬರೀ ಬಾಯಿಚಪಲ ಎಂದು ತಳ್ಳಿಹಾಕುವುದು ಸರಿಯಲ್ಲ. ಅದರಲ್ಲಿ ಒಂದು ಪಾಲು ಹೊತ್ತನ್ನು ಕೊಂಡದ್ದರ ಬೆಲೆ. ಕಾಳು ನೆನೆಹಾಕುವ, ಸೊಪ್ಪು ಬಿಡಿಸುವ ಕೆಲಸಕ್ಕೆ ಮನೆಯ ಗಂಡಸರ ಕೈ ಕೂಡಿದರೆ ಹುರುಳಿಯ ನಿಜವಾದ ಬೆಲೆ ಇಳಿಯುತ್ತದೆ. ಇದಕ್ಕೆ ಸರ್ಕಾರದ ಆದೇಶವೇನೂ ಬೇಕಿಲ್ಲ.

ನೀರಿನ ಉಳಿತಾಯದ ಹೊರೆ ಮನೆಯೊಳಗೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕೊನೆಗೆ ಉಣ್ಣುವವರ ಪಾಲಿಗೆ ಬರುವುದು ಕಾಳೆಲ್ಲ ಬಡಿಸಿಯಾದ ಮೇಲಿನ ತಿಳಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಅದಕ್ಕೆ ಕಾರಣಗಳು ಹಲವು. ಬಡಿಸುವ ಕ್ರಮವನ್ನು ಆ ಪಟ್ಟಿಯಿಂದ ಹೊರಗಿಡುವಂತಿಲ್ಲ. ಊಟದ ಬೆನ್ನಿಗೇ ಕಾಫಿ, ಚಹಾ ಕುಡಿಯದಿರುವುದು, ಕಾಳಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡುವುದು ಇವೆರಡೂ ಕಬ್ಬಿಣದ ಅಂಶ ಮೈಗೆ ಹತ್ತಲು ನೆರವಾಗುತ್ತವೆ, ಮೊದಲನೆಯದಕ್ಕಂತೂ ಕಾಸು ಖರ್ಚಿಲ್ಲ.

ಸಾರಿನ ಪಾತ್ರೆಯತ್ತ ಸರ್ಕಾರದ ಗಮನವೂ ತಡವಾಗಿಯಾದರೂ ಹರಿದಿದೆ. ಹೆಚ್ಚುವರಿ ಐದು ಕಿಲೊ ಅಕ್ಕಿಗೆ ಬದಲಾಗಿ ತೊಗರಿಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪುಗಳಿರುವ ‘ಇಂದಿರಾ ಕಿಟ್’ ಕೊಡುವ ತೀರ್ಮಾನವನ್ನು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಕೈಗೊಂಡಿತು. 40 ಕಿಲೊ ಅಕ್ಕಿಯಲ್ಲಿ ಹತ್ತು ಕಿಲೊ ಮಿಗುತ್ತದೆ ಎಂಬ ಮೇಲಿನ ಲೆಕ್ಕವನ್ನು ಒಪ್ಪಿದರೆ ಈ ತಿರುವು ಸರಿಯಾದ ದಿಕ್ಕಿನದೇ, ಮಿಕ್ಕ ಅಕ್ಕಿ ಮಾರುವವರ ಚೀಲ ಸೇರುವುದೂ ಇದರಿಂದ ತಗ್ಗಬಹುದು. ಆದರೆ ತಲೆಗೆ ಐದು ಕಿಲೊ ಎಂದರೆ 20 ಕಿಲೊ ಧಾನ್ಯ; 30 ಕಿಲೊಗೆ ಕಡಿಮೆಬೀಳುವ ಹತ್ತನ್ನು ರಾಗಿ, ಜೋಳಗಳು ತುಂಬದಿದ್ದರೆ ಮನೆಗಳು ಅಕ್ಕಿಯನ್ನೇ ಕೊಳ್ಳಬೇಕಾಗಿ, ಬೇಳೆಯಿಂದ ಉಳಿದದ್ದು ಅಲ್ಲಿಗೆ ಹೋಗುತ್ತದೆ. ಪದಾರ್ಥಗಳ ಆಯ್ಕೆಯೂ ಪ್ರಶ್ನಾರ್ಹ. ಮಾರ್ಗಸೂಚಿಯ ತಟ್ಟೆಯಲ್ಲಿ ಸ್ಥಾನವೇ ಇಲ್ಲದ ಸಕ್ಕರೆಗೆ ಕಿಟ್‌ನಲ್ಲಿ ಜಾಗ ಸಿಕ್ಕಿದೆ. ಒಣಭೂಮಿಯಲ್ಲಿ, ಗೊಬ್ಬರ ನೀರುಗಳ ಹೆಚ್ಚಿನ ಹಂಗಿಲ್ಲದೆ ಬೆಳೆಯುವ, ರಾಜ್ಯದ ರೈತರೇ ಬೆಳೆದುಕೊಡಬಲ್ಲ ಹುರುಳಿಗೆ ಸಿಕ್ಕಿಲ್ಲ.